ಇತ್ಯಾದಿ ಎಂಬ ಕಪಾಟು

ಕನ್ನಡ ವಿಮರ್ಶೆ ಶಾಸನವನ್ನು ಓದಿದೆ, ಲಾವಣಿ ಓದಿದೆ, ಕೈಫಿಯತ್ತು ಓದಿದೆ, ಸಿನಿಮಾ ಪೋಸ್ಟರನ್ನೂ ಬಿಟ್ಟಿಲ್ಲ. ಆದರೆ ಬಿಟಿಎಂ ಲೇಔಟಿನಿಂದ ಜೆ.ಪಿ. ನಗರದವರೆಗೆ, ಜಯನಗರದಿಂದ ಬನಶಂಕರಿಯವರೆಗೆ ಸಾವಿರಾರು ಜನ ದಿನವಿಡೀ ಓದುವ, ತಿದ್ದುವ, ಅದರ ಮೇಲೆ ಜಗಳವಾಡುವ ಒಂದು ಗದ್ಯವನ್ನು ಮಾತ್ರ ಅದು ಮುಟ್ಟಿಲ್ಲ. ಸಾಫ್ಟ್‌ವೇರಿನ ಜೊತೆ ಬರುವ ವಿವರಣೆಯ ಬರಹ ಅದು; ಬರೆಯುವವರ ಬಾಯಲ್ಲಿ ‘ಡಾಕ್ಯುಮೆಂಟೇಶನ್’. ಅದಕ್ಕೆ ಶೈಲಿ ಇದೆ, ಸಂಪಾದಕರಿದ್ದಾರೆ, ಪಾಠಾಂತರಗಳಿವೆ, ಪ್ರತಿಯೊಂದು ಸಾಲನ್ನು ಯಾರು ಯಾವ ದಿನ ಯಾಕೆ ಬದಲಿಸಿದರು ಎಂಬ ದಾಖಲೆಯೂ ಇದೆ. ಗ್ರಂಥಸಂಪಾದನೆ ಮಾಡುವವರು ಹೊಟ್ಟೆಕಿಚ್ಚು ಪಡುವಷ್ಟು ಸೌಕರ್ಯ.

ನನ್ನ ಪಿಎಚ್.ಡಿ. ಸಾಹಿತ್ಯಪ್ರಕಾರಗಳ ವಿಂಗಡಣೆಯ ಮೇಲೆ. ಜೊತೆಯಲ್ಲಿ ಮನೆ ಮಾಡಿಕೊಂಡಿರುವ ಗೆಳೆಯ ಡ್ರೈವರ್ ಬರೆಯುವವನು. (ಅದು ಕಾರಿನ ಡ್ರೈವರ್ ಕೆಲಸ ಅಲ್ಲವೆಂದು ಊರಿನಲ್ಲಿ ಅವನ ಅಜ್ಜಿಗೆ ಇನ್ನೂ ಹೇಳಿ ಮುಗಿದಿಲ್ಲ.) ಒಂದು ಸಲ ಅವನು ಕೇಳಿದ: “ಒಂದೇ ವಸ್ತು ಹತ್ತು ಕೆಲಸ ಮಾಡಿದ್ರೆ ನಿಮ್ ಕಡೆ ಅದನ್ನ ಎಲ್ಲಿಡ್ತೀರೋ?” ನಾನು ಯೋಚಿಸದೆ “ಸಂಕೀರ್ಣ” ಅಂದೆ. ಅವನು ನಕ್ಕು, “ನಮ್ ಕಡೆ ಎಂಎಫ್‌ಡಿ ಅಂತಾರೆ” ಅಂದ. ಅಲ್ಲಿಂದ ಶುರುವಾದ ಓದು ಇದು.

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ನಾವು ಬಳಸುವ ಆ್ಯಪ್‌ಗಳಿಗೂ ಕೆಳಗಿರುವ ಹಾರ್ಡ್‌ವೇರಿಗೂ ನಡುವೆ ನಿಂತು ಮಾತು ದಾಟಿಸುವುದು ಅದರ ಕೆಲಸ. ಲಿನಕ್ಸ್ ಕರ್ನಲ್ 1991ರಿಂದ ಬೆಳೆಯುತ್ತ ಬಂದಿದೆ. ನಮ್ಮ ಆಂಡ್ರಾಯ್ಡ್ ಫೋನುಗಳೊಳಗೆ ಇರುವುದೂ ಅದೇ. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು. ‘ಡ್ರೈವರ್ಸ್’ ಎಂಬ ಫೋಲ್ಡರ್ ತೆರೆದರೆ ಕಪಾಟುಗಳ ಸಾಲು ಕಾಣುತ್ತದೆ: ಗಡಿಯಾರಗಳಿಗೆ ಒಂದು, ಕೀಲಿಮಣೆ ಮೌಸುಗಳಿಗೆ ಒಂದು, ವೋಲ್ಟೇಜ್ ಹಂಚುವ ರೆಗ್ಯುಲೇಟರುಗಳಿಗೆ ಒಂದು. ‘ಡಾಕ್ಯುಮೆಂಟೇಶನ್’ ಫೋಲ್ಡರಿನೊಳಗೆ ಆಳಕ್ಕೆ ಹೋದರೆ ‘ಬೈಂಡಿಂಗ್ಸ್’ ಎಂಬ ಕಡೆ ಇದೇ ಸಾಲಿನ ಪ್ರತಿಬಿಂಬವಿದೆ. ಅಲ್ಲಿ ಒಂದೊಂದು ಚಿಪ್ಪಿಗೆ ಒಂದೊಂದು ವಿವರಣೆ. ಈ ಸಾಲಿನ ನಡುವೆ ಎಂಎಫ್‌ಡಿ ಎಂಬ ಕಪಾಟು. ಬಿಡಿಸಿದರೆ ಮಲ್ಟಿ ಫಂಕ್ಷನ್ ಡಿವೈಸ್, ಹಲವು ಕೆಲಸದ ಸಾಧನ.

ಉಳಿದ ಹೆಚ್ಚಿನ ಕಪಾಟುಗಳು ಒಳಗಿರುವುದು ಏನು ಮಾಡುತ್ತದೆ ಎಂದು ಹೇಳುತ್ತವೆ. ಇದೊಂದು ಮಾತ್ರ ಎಷ್ಟು ಮಾಡುತ್ತದೆ ಎಂದು ಹೇಳುತ್ತದೆ. ನನಗೆ ತಕರಾರು ಇರುವುದು ಇಲ್ಲಿ. ಹಣ್ಣು, ತರಕಾರಿ, ಸೊಪ್ಪು ಎಂದು ಬುಟ್ಟಿ ಇಟ್ಟುಕೊಂಡು ಬಂದವರು ಕೊನೆಯ ಬುಟ್ಟಿಗೆ ‘ಎರಡಕ್ಕಿಂತ ಹೆಚ್ಚು’ ಎಂದು ಚೀಟಿ ಅಂಟಿಸಿದ ಹಾಗಿದೆ.

ಒಂದು ಚಿಪ್ಪನ್ನು ಹಿಡಿದು ನೋಡೋಣ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಹೆಸರು ಬೆಂಗಳೂರಿಗೆ ಹೊಸದಲ್ಲ. 1985ರಲ್ಲಿ ಅದು ಇಲ್ಲಿ ತನ್ನ ಕೇಂದ್ರ ತೆರೆದದ್ದನ್ನು ಈ ಊರಿನ ಐಟಿ ಕಥೆಯ ಮೊದಲ ಅಧ್ಯಾಯವೆಂದೇ ಹೇಳುವುದುಂಟು. ಆ ಕಂಪನಿಯ ಟಿಡಬ್ಲ್ಯುಎಲ್4030 ಕುಲದ ಚಿಪ್ಪೊಂದು ನೋಕಿಯಾ ಎನ್900 ಫೋನಿನಲ್ಲಿತ್ತು. ಅದರದೇ ಕುಲದ ಟಿಪಿಎಸ್65950, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಲ್ಲ ಬೀಗಲ್‌ಬೋರ್ಡಿನಲ್ಲಿತ್ತು. ಆ ಪುಟ್ಟ ತುಣುಕಿನೊಳಗೆ ಫೋನಿನ ಬೇರೆಬೇರೆ ಅಂಗಗಳಿಗೆ ವಿದ್ಯುತ್ತನ್ನು ಅಳೆದು ಕೊಡುವ ರೆಗ್ಯುಲೇಟರುಗಳಿವೆ. ಫೋನು ಆಫ್ ಆದರೂ ಓಡುವ ಗಡಿಯಾರವಿದೆ. ಧ್ವನಿಯನ್ನು ಅಂಕಿಯಾಗಿ, ಅಂಕಿಯನ್ನು ಧ್ವನಿಯಾಗಿ ತಿರುಗಿಸುವ ಭಾಗವಿದೆ. ಕೀಲಿಗಳ ಒತ್ತುವಿಕೆ ಗಮನಿಸುವುದು, ಪವರ್ ಬಟನ್ ನೋಡಿಕೊಳ್ಳುವುದು, ಬ್ಯಾಟರಿಗೆ ಚಾರ್ಜ್ ತುಂಬುವುದು, ಯುಎಸ್‌ಬಿ ತಂತಿಯ ಜೊತೆ ಮಾತಾಡುವುದು, ವೋಲ್ಟೇಜನ್ನು ಅಳೆದು ಅಂಕಿಯಾಗಿ ಹೇಳುವುದು, ಯಂತ್ರ ಸ್ತಬ್ಧವಾದರೆ ತಟ್ಟಿ ಎಬ್ಬಿಸುವುದು, ಇಷ್ಟೂ ಅದರದೇ ಜವಾಬ್ದಾರಿ. ತಯಾರಕರೇ ಟಿಪಿಎಸ್65950ರ ಕೈಪಿಡಿಗೆ ಶೀರ್ಷಿಕೆ ಕೊಡುವಾಗ ಪವರ್ ನಿರ್ವಹಣೆಯನ್ನೂ ಆಡಿಯೋವನ್ನೂ ಎರಡನ್ನೂ ಹೆಸರಿಸಬೇಕಾಯಿತು. ಹೆತ್ತವರಿಗೇ ಒಂದು ಹೆಸರಿನಲ್ಲಿ ಕರೆಯಲು ಆಗಲಿಲ್ಲ.

ಕರ್ನಲ್ ಇದನ್ನು ಹೇಗೆ ನಿಭಾಯಿಸುತ್ತದೆ ಎಂದು ಅರ್ಥವಾಗಲು ಹಳೆಯ ಬೆಂಗಳೂರಿನ ವಠಾರವನ್ನು ನೆನೆದರೆ ಸಾಕು. ಒಂದು ಗೇಟು, ಒಳಗೆ ಸಾಲು ಮನೆಗಳು, ನಡುವೆ ಒಂದು ನಲ್ಲಿ. ಟಿಡಬ್ಲ್ಯುಎಲ್4030 ಹೊರಜಗತ್ತಿನ ಜೊತೆ ಮುಖ್ಯವಾಗಿ ಮಾತಾಡುವುದು ಎರಡು ತಂತಿಗಳ ಒಂದು ದಾರಿಯಲ್ಲಿ. ಆ ದಾರಿಯಲ್ಲಿ ಅದಕ್ಕೆ ಒಂದರ ಪಕ್ಕ ಒಂದರಂತೆ ನಾಲ್ಕು ವಿಳಾಸಗಳು. ಏನಾದರೂ ಸುದ್ದಿ ಇದ್ದರೆ ಚಿಪ್ಪು ಒಂದೇ ಗಂಟೆ ಬಾರಿಸುತ್ತದೆ. ಗೇಟಿನಲ್ಲಿ ನಿಂತವರು ಮೊದಲು ಯಾವ ಮನೆಯ ಗಂಟೆ ಎಂದು ನೋಡಬೇಕು, ಆಮೇಲೆ ಆ ಮನೆಯೊಳಗೆ ಯಾರಿಗೆ ಎಂದು ವಿಚಾರಿಸಬೇಕು. ಕರ್ನಲ್‌ನ ಕೋಡಿನಲ್ಲಿ ಈ ಎರಡು ಹಂತಗಳಿಗೂ ಬೇರೆಬೇರೆ ಹೆಸರುಗಳಿವೆ. ಎಂಎಫ್‌ಡಿ ಫೋಲ್ಡರಿನಲ್ಲಿರುವ ಮುಖ್ಯ ಡ್ರೈವರು ಈ ವಠಾರದ ಯಜಮಾನ. ಅವನು ಒಳಗಿನ ಒಂದೊಂದು ಭಾಗವನ್ನೂ ಬೇರೆಬೇರೆ ಸಾಧನವೆಂದು ಕರ್ನಲ್‌ಗೆ ಪರಿಚಯಿಸುತ್ತಾನೆ, ಆಮೇಲೆ ಗಡಿಯಾರವನ್ನು ಗಡಿಯಾರಗಳ ಕಪಾಟಿನ ಡ್ರೈವರು, ಧ್ವನಿಯನ್ನು ಧ್ವನಿವಿಭಾಗದ ಡ್ರೈವರು ವಹಿಸಿಕೊಳ್ಳುತ್ತವೆ. ಒಂದೇ ಚಿಪ್ಪಿನ ಹೆಸರು ಹೊತ್ತ ಕಡತಗಳು ಕರ್ನಲ್‌ನ ಹತ್ತಾರು ಫೋಲ್ಡರುಗಳಲ್ಲಿ ಸಿಗುತ್ತವೆ.

ಹೀಗೆ ನೋಡಿದರೆ ಎಂಎಫ್‌ಡಿ ಕಪಾಟಿಗೆ ಒಂದು ಅರ್ಥವಿದೆ ಅನ್ನಿಸುತ್ತದೆ. ವಠಾರಕ್ಕೂ ಅಪಾರ್ಟ್‌ಮೆಂಟಿಗೂ ಇರುವ ವ್ಯತ್ಯಾಸ ಸಂಸಾರಗಳ ಸಂಖ್ಯೆಯದಲ್ಲ. ಅಪಾರ್ಟ್‌ಮೆಂಟಿನಲ್ಲಿ ಇನ್ನೂ ಹೆಚ್ಚು ಸಂಸಾರಗಳಿರುತ್ತವೆ. ವಠಾರವನ್ನು ವಠಾರ ಮಾಡುವುದು ನಡುವಿನ ನಲ್ಲಿ, ಅದರ ಸರದಿ, ಸರದಿ ತಪ್ಪಿದಾಗಿನ ಜಗಳ. ಹಂಚಿಕೊಳ್ಳಲೇಬೇಕಾದ ಏನೋ ಒಂದಿದೆ ಎಂಬುದು ಅದರ ಲಕ್ಷಣ.

ಆದರೆ ಡಾಕ್ಯುಮೆಂಟೇಶನ್ ಇದನ್ನು ಹೇಳುವುದಿಲ್ಲ. ಬೈಂಡಿಂಗ್ಸ್‌ನ ಎಂಎಫ್‌ಡಿ ಫೋಲ್ಡರಿನಲ್ಲಿ ಅದೇ ಹೆಸರಿನ ಒಂದು ಪುಟ್ಟ ಪಠ್ಯವಿದೆ. ಲಕ್ಷಣ ಹೇಳುವುದು ಅದರ ಉದ್ದೇಶ. ಅದರ ಪ್ರಕಾರ ಇಂಥ ಸಾಧನವೆಂದರೆ ಬಗೆಬಗೆಯ ಹಾರ್ಡ್‌ವೇರ್ ತುಂಡುಗಳು ಸಂಧಿಸುವ ಜಾಗ. ಅಲ್ಲಿ ಅನನ್ಯವಲ್ಲದ, ಆದರೆ ಒಂದರಂತೆ ಒಂದಿಲ್ಲದ ಕೆಲಸಗಳು ಒಂದಕ್ಕಿಂತ ಹೆಚ್ಚಿರುತ್ತವೆ. ಸಂಧಿಸುವ ಜಾಗಕ್ಕೆ ಅವರು ಬಳಸಿದ ಪದ ‘ನೆಕ್ಸಸ್’. ಕೂಡಲಸಂಗಮದ ನಾಡಿನವರಿಗೆ ಈ ರೂಪಕ ಹಿಡಿಸದೆ ಇರದು. ಆದರೆ ಕೂಡಲದಲ್ಲಿ ಕೂಡುವುದು ನೀರು, ಕೂಡಿದ ಮೇಲೆ ಅದು ಒಂದೇ. ಇಲ್ಲಿ ಕೂಡಿದವು ಬೇರೆಯಾಗಿಯೇ ಉಳಿಯುತ್ತವೆ, ಒಂದು ದಾರಿಯನ್ನಷ್ಟೇ ಹಂಚಿಕೊಳ್ಳುತ್ತವೆ. ಆ ಎರಡು ವಿಶೇಷಣಗಳಂತೂ ಒಂದನ್ನೊಂದು ಅಳಿಸಿಹಾಕುತ್ತವೆ. ಅನನ್ಯವಲ್ಲದ್ದು ಯಾವುದರ ಹೋಲಿಕೆಯಲ್ಲಿ, ಒಂದರಂತೆ ಇಲ್ಲದ್ದು ಯಾವುದಕ್ಕೆ? ಆ ವಾಕ್ಯವನ್ನು ನಾನು ಹಲವು ಸಲ ಓದಿದ್ದೇನೆ. ಕೊನೆಗೆ ಉಳಿಯುವುದು ‘ಒಂದಕ್ಕಿಂತ ಹೆಚ್ಚು’ ಎಂಬುದು ಮಾತ್ರ.

ಲಕ್ಷಣ ಸಡಿಲವಾದಾಗ ಉದಾಹರಣೆಗಳಾದರೂ ಕಾಪಾಡಬೇಕು. ಪಠ್ಯ ಎರಡು ಕೊಡುತ್ತದೆ. ಮೊದಲನೆಯದು ಟಿಡಬ್ಲ್ಯುಎಲ್ ಥರದ ಚಿಪ್ಪು. ಎರಡನೆಯದು ಬೇರೆಯೇ ಜಾತಿ: ದೊಡ್ಡ ಪ್ರೊಸೆಸರಿನೊಳಗೆ ಯಾವ ವಿಭಾಗಕ್ಕೂ ಸೇರದ ಚಿಲ್ಲರೆ ರೆಜಿಸ್ಟರುಗಳನ್ನು ಒಟ್ಟು ಹಾಕಿದ ಒಂದು ಮೂಲೆ. ಅದಕ್ಕೆ ‘ಸಿಸ್‌ಕಾನ್’ ಎಂದು ಹೆಸರು. ಮೊದಲನೆಯದರಲ್ಲಿ ಭಾಗಗಳು ಒಂದೇ ಸೂರಿನಡಿ ಇರಲಿ ಎಂದು ಯಾರೋ ಯೋಚಿಸಿ ಕಟ್ಟಿದ್ದಾರೆ. ಎರಡನೆಯದು ಅಡುಗೆಮನೆಯ ಆ ಒಂದು ಡ್ರಾಯರ್. ರಬ್ಬರ್ ಬ್ಯಾಂಡ್, ಹಳೆಯ ಬೀಗದ ಕೈ, ಸೆಲ್ಲು, ಮೇಣದಬತ್ತಿ ಎಲ್ಲ ಅಲ್ಲಿಗೇ. ಕಟ್ಟಿದ ವಠಾರವನ್ನೂ ಚಿಲ್ಲರೆ ಡ್ರಾಯರನ್ನೂ ಒಂದೇ ಹೆಸರಿನಡಿ ಇಡಬಲ್ಲ ಲಕ್ಷಣವು ಏನನ್ನೂ ಹೊರಗಿಡಲಾರದು.

ಇದೇ ಡಾಕ್ಯುಮೆಂಟೇಶನ್‌ನಲ್ಲಿ, ಬೈಂಡಿಂಗ್ ಬರೆಯುವವರಿಗೆಂದೇ ಇರುವ ಮಾರ್ಗಸೂಚಿ ಇದಕ್ಕಿಂತ ಎಷ್ಟೋ ಮೇಲು. ಚಿಕ್ಕ ಬರಹ, ‘ಮಾಡಿ’ ‘ಮಾಡಬೇಡಿ’ ಎಂಬ ಸೂತ್ರಗಳು. ಕವಿಗಳಿಗೆ ಸಲ್ಲುವುದು ಸಲ್ಲದ್ದು ಹೇಳಿಕೊಟ್ಟ ‘ಕವಿರಾಜಮಾರ್ಗ’ವನ್ನು ಓದಿದವರಿಗೆ ಈ ದನಿ ಪರಿಚಿತ. ಅದರ ಮುಖ್ಯ ಸೂತ್ರ ಇದು: ಹಾರ್ಡ್‌ವೇರಿನಲ್ಲಿ ಏನಿದೆಯೋ ಅದನ್ನು ವಿವರಿಸಿ, ಲಿನಕ್ಸ್ ಅದನ್ನು ಹೇಗೆ ಬಳಸುತ್ತದೆ ಎಂಬುದನ್ನಲ್ಲ, ಡ್ರೈವರಿನ ಮಾತನ್ನೇ ಎತ್ತಬೇಡಿ. ಕಾರಣವಿದೆ. ಈ ವಿವರಣೆಯ ಪದ್ಧತಿ ಲಿನಕ್ಸ್‌ನ ಸ್ವಂತದ್ದಲ್ಲ. 1994ರಲ್ಲಿ ಮಾನಕವಾದ ಓಪನ್ ಫರ್ಮ್‌ವೇರ್ ಎಂಬ ವ್ಯವಸ್ಥೆಯಿಂದ ಬಂದದ್ದು. ಇಂದಿಗೂ ಫ್ರೀಬಿಎಸ್‌ಡಿ, ಯು-ಬೂಟ್ ಮುಂತಾದವು ಇದೇ ಪದ್ಧತಿಯ ವಿವರಣೆಗಳನ್ನು ಓದುತ್ತವೆ. ಪಠ್ಯಕ್ಕೆ ಹಲವು ಓದುಗರಿರುವಾಗ ಅದನ್ನು ಒಬ್ಬ ಓದುಗನ ಅನುಕೂಲಕ್ಕೆ ಬರೆಯಬಾರದು.

ಈಗ ಆ ಫೋಲ್ಡರಿನ ಹೆಸರನ್ನು ಮತ್ತೆ ನೋಡಿ. ಎಂಎಫ್‌ಡಿ ಎಂಬುದು ಯಾವ ಹಾರ್ಡ್‌ವೇರ್ ತಯಾರಕರೂ ಕೊಟ್ಟ ವರ್ಗವಲ್ಲ. ಲಿನಕ್ಸ್ ತನ್ನ ಡ್ರೈವರುಗಳನ್ನು ಹಂಚಿಕೊಡಲು ಮಾಡಿಕೊಂಡ ಏರ್ಪಾಡು. ಯಾವ ಓದುಗನ ಹೆಸರು ಎತ್ತಬೇಡಿ ಎಂದು ಮಾರ್ಗಸೂಚಿ ಹೇಳುತ್ತದೆಯೋ ಅವನ ಮನೆಯ ಅಡ್ಡಹೆಸರೇ ಕಪಾಟಿನ ಮೇಲಿದೆ. ಪರಿಶೀಲಕರಿಗೆ ಇದು ಗೊತ್ತಿಲ್ಲವೆಂದಲ್ಲ. ಹೊಸದಾಗಿ ವಿವರಣೆ ತಂದವರಿಗೆ, ಇದು ನಿಜಕ್ಕೂ ಇಲ್ಲಿಗೆ ಸೇರಿದ್ದೇ, ಇದರ ಮುಖ್ಯ ಕೆಲಸ ಯಾವುದು, ಆ ಕೆಲಸದ ಕಪಾಟಿಗೆ ಒಯ್ಯಿರಿ ಎಂದು ಅವರು ಹೇಳುವುದುಂಟು. ವಿಮರ್ಶೆ ಎಂಬ ಹೆಸರಿಲ್ಲದೆ ನಡೆಯುವ ಅಪ್ಪಟ ಪ್ರಕಾರವಿಮರ್ಶೆ ಅದು.

ಬೇರೆ ಉತ್ತರಗಳೂ ಇವೆ. ಕಾಲೇಜುಗಳ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದರೆ ಒಂದು ಆಲ್ ಇನ್ ಒನ್ ಯಂತ್ರ ಸಿಗುತ್ತದೆ. ಪ್ರಿಂಟ್ ಹಾಕುತ್ತದೆ, ಸ್ಕ್ಯಾನ್ ಮಾಡುತ್ತದೆ, ಕೆಲವಕ್ಕೆ ಮೆಮೊರಿ ಕಾರ್ಡನ್ನೂ ತೂರಿಸಬಹುದು. ಅಂಗಡಿಯವರೂ ಗಿರಾಕಿಗಳೂ ಅದನ್ನು ಕರೆಯುವುದು ಜೆರಾಕ್ಸ್ ಮಿಷನ್ ಎಂದೇ. ಜನ ಮುಖ್ಯ ಕೆಲಸ ನೋಡಿ ಹೆಸರಿಡುತ್ತಾರೆ, ಅದರಿಂದ ಯಾರಿಗೂ ತೊಂದರೆಯಾಗಿಲ್ಲ. ಯುಎಸ್‌ಬಿ ಮಾನಕದ ದಾರಿ ಬೇರೆ. ಪ್ರತಿ ಸಾಧನ ಕಂಪ್ಯೂಟರಿಗೆ ಅಂಟಿಕೊಂಡ ಕೂಡಲೇ ತನ್ನ ವರ್ಗ ಹೇಳಬೇಕು. ಆ ಜಾಗದಲ್ಲಿ ಅದು ಸೊನ್ನೆ ಎಂದು ಬರೆದರೆ, ವರ್ಗವನ್ನು ನನ್ನಲ್ಲಿ ಕೇಳಬೇಡ, ನನ್ನ ಒಂದೊಂದು ಮುಖವನ್ನೂ ಕೇಳು ಎಂದು ಅರ್ಥ. ಆಗ ಒಂದು ಮುಖ ಪ್ರಿಂಟರ್ ಎನ್ನುತ್ತದೆ, ಇನ್ನೊಂದು ಸಂಗ್ರಹ ಎನ್ನುತ್ತದೆ. ಪಿಸಿಐ ಕೂಡ ಹೀಗೆಯೇ: ಒಂದು ಸಾಧನದಲ್ಲಿ ಎಂಟರವರೆಗೆ ಕೆಲಸಗಳಿರಬಹುದು, ಒಂದೊಂದಕ್ಕೂ ಅದರದೇ ವರ್ಗಸಂಖ್ಯೆ. ಹಲವಿವೆ ಎಂದು ಹೇಳಲು ಅಲ್ಲಿ ಒಂದೇ ಒಂದು ಬಿಟ್ ಇದೆ. ನನಗೆ ಈ ಎರಡೂ ಪದ್ಧತಿ ಇಷ್ಟವಾಗುವುದು ಇದಕ್ಕೆ. ‘ಹಲವು’ ಎಂಬುದನ್ನು ಅವು ಒಂದು ಸೂಚನೆಯಾಗಿ ಇಟ್ಟಿವೆ, ವರ್ಗವಾಗಿ ಅಲ್ಲ.

ಇನ್ನು ನಮ್ಮ ಮನೆಯ ವಿಷಯ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನಗಳ ಪಟ್ಟಿಯನ್ನು ನೋಡಿದವರಿಗೆ ಗೊತ್ತು. ಕಾವ್ಯ, ಕಾದಂಬರಿ, ಸಣ್ಣಕಥೆ, ನಾಟಕ ಎಂದು ಸಾಗುತ್ತ ಬಂದ ಪಟ್ಟಿಯಲ್ಲಿ ‘ಸಂಕೀರ್ಣ’ ಎಂಬುದೂ ಒಂದು. ಪುಸ್ತಕದಂಗಡಿಗಳ ಕ್ಯಾಟಲಾಗುಗಳಲ್ಲೂ ಈ ಪದ ಚಾಲ್ತಿಯಲ್ಲಿದೆ. ಪದದ ನೇರ ಅರ್ಥ ಬೆರೆತದ್ದು ಎಂದು. ವ್ಯವಹಾರದಲ್ಲಿ ಅದರ ಅರ್ಥ ಉಳಿದದ್ದು. ಬೆರೆತದ್ದು ಒಂದು ಗುಣ, ಉಳಿದದ್ದು ಒಂದು ಪರಿಸ್ಥಿತಿ. ಅರ್ಜಿ ನಮೂನೆಗಳಲ್ಲಿ ‘ಇತರೆ’ ಎಂಬ ಚೌಕಕ್ಕೆ ಟಿಕ್ ಹಾಕಿ ಅಭ್ಯಾಸವಿದ್ದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ತೆಗೆದುಕೊಳ್ಳಿ. ಸಸ್ಯವಿಜ್ಞಾನಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ, ಬಸವನಗುಡಿಯ ಡಿವಿಜಿಯವರ ಮಗ. ವಿದ್ಯಾರ್ಥಿಗಳ ಜೊತೆ ಗಿಡ ಹುಡುಕುತ್ತ ಕಾಡು ಸುತ್ತಿದ ಅನುಭವ ಅದರಲ್ಲಿದೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ಪ್ರವಾಸಕಥನವೋ, ವಿಜ್ಞಾನ ಸಾಹಿತ್ಯವೋ, ಹಾಸ್ಯವೋ, ಲಲಿತ ಪ್ರಬಂಧವೋ? ಪಟ್ಟಿ ಮಾಡುವವರು ಒಬ್ಬೊಬ್ಬರು ಒಂದೊಂದು ಕಡೆ ಇಟ್ಟಿದ್ದಾರೆ. ಅದರ ಪರಿಣಾಮ ತರಗತಿಯಲ್ಲಿ ಕಾಣುತ್ತದೆ. ಗದ್ಯದ ಪತ್ರಿಕೆಯಲ್ಲಿ ಕಾದಂಬರಿ, ಕಥೆ ಬಂದು ಕೂರುತ್ತವೆ. ವಿಜ್ಞಾನದವರು ಇದನ್ನು ಸಾಹಿತ್ಯ ಎನ್ನುತ್ತಾರೆ, ಸಾಹಿತ್ಯದವರು ವಿಜ್ಞಾನ ಎನ್ನುತ್ತಾರೆ, ಎಲ್ಲರೂ ಮೆಚ್ಚಿದ ಪುಸ್ತಕದ ಮೇಲೆ ನಿಂತು ಓದಿದ ವಿಮರ್ಶೆ ಕಡಿಮೆ. ಕಪಾಟು ಎಲ್ಲಿದೆ ಎಂಬುದು ಯಾರು ಓದುತ್ತಾರೆ ಎಂಬುದನ್ನು ತೀರ್ಮಾನಿಸಿಬಿಡುತ್ತದೆ. ಕರ್ನಲ್‌ನಲ್ಲಿ ಇದು ಇನ್ನೂ ನೇರ: ಯಾವ ಫೋಲ್ಡರಿನ ಕಡತವನ್ನು ಯಾರು ಪರಿಶೀಲಿಸಬೇಕು ಎಂಬುದಕ್ಕೆ ಒಂದು ಪಟ್ಟಿಯೇ ಇದೆ. ಗಡಿಯಾರದ ವಿವರಣೆ ಎಂಎಫ್‌ಡಿಯಲ್ಲಿ ಕೂತರೆ, ಗಡಿಯಾರ ಬಲ್ಲವರ ಕಣ್ಣಿಗೆ ಅದು ಬೀಳಲು ಬೇರೆ ಯಾರಾದರೂ ಕಾಳಜಿ ವಹಿಸಬೇಕು.

ಈ ಪ್ರಶ್ನೆಯನ್ನು ಬದುಕಿನುದ್ದಕ್ಕೂ ಬೆನ್ನು ಹತ್ತಿದವರೊಬ್ಬರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. ಎಸ್.ಆರ್. ರಂಗನಾಥನ್ 1933ರಲ್ಲಿ ‘ಕೋಲನ್ ಕ್ಲಾಸಿಫಿಕೇಶನ್’ ಪ್ರಕಟಿಸಿದಾಗ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರು. 1962ರಲ್ಲಿ ಇಲ್ಲಿ ಡಿಆರ್‌ಟಿಸಿಯನ್ನು ಕಟ್ಟಿದರು. ಆ ಹೆಸರಿನಲ್ಲೂ ‘ಡಾಕ್ಯುಮೆಂಟೇಶನ್’ ಇದೆ, ಕರ್ನಲ್‌ನ ಫೋಲ್ಡರಿನ ಹಾಗೆಯೇ. 1972ರಲ್ಲಿ ತೀರಿಕೊಂಡರು. ಅವರ ಮೊದಲು ಪುಸ್ತಕ ವಿಂಗಡಣೆ ಎಂದರೆ ಮರ: ಕೊಂಬೆ, ರೆಂಬೆ, ಕೊನೆಗೆ ಒಂದು ಎಲೆ. ಎರಡು ಕೊಂಬೆಗೆ ಸೇರಿದ ಪುಸ್ತಕ ಬಂದರೆ ಗ್ರಂಥಪಾಲಕನಿಗೆ ತಲೆನೋವು. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೋ ಆಟಿಕೆಯನ್ನು ನೋಡಿದ ರಂಗನಾಥನ್‌ಗೆ, ಅದೇ ಪಟ್ಟಿ, ನಟ್ಟು, ಬೋಲ್ಟುಗಳಿಂದ ಬೇರೆಬೇರೆ ಗೊಂಬೆ ಕಟ್ಟುವ ಹಾಗೆ ವಿಷಯವನ್ನೂ ಕಟ್ಟಬಹುದಲ್ಲ ಎಂದು ಹೊಳೆಯಿತಂತೆ. ವ್ಯಕ್ತಿತ್ವ, ವಸ್ತು, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಿಂದ ಪುಸ್ತಕವನ್ನು ವಿವರಿಸಿ, ಆ ತುಂಡುಗಳನ್ನು ಚಿಹ್ನೆಗಳಿಂದ ಜೋಡಿಸುವುದು ಅವರ ಪದ್ಧತಿ. ಪುಸ್ತಕ ಯಾವ ಕೊಂಬೆಗೆ ಸೇರಿದ್ದು ಎಂದು ಕೇಳುವ ಬದಲು ಅದಕ್ಕೆ ಯಾವ ಯಾವ ಮುಖಗಳಿವೆ ಎಂದು ಕೇಳಿದರು.

ಕುತೂಹಲದ ಸಂಗತಿ ಎಂದರೆ ಕರ್ನಲ್‌ನ ವಿವರಣೆಗಳು ಕಪಾಟಿನ ಹೆಸರಿನಲ್ಲಿ ಹಳೆಯ ಮರವನ್ನು ಹಿಡಿದುಕೊಂಡಿದ್ದರೂ ಒಳಗೆ ರಂಗನಾಥನ್ ದಾರಿಯಲ್ಲೇ ನಡೆಯುತ್ತವೆ. ಒಂದು ಸಾಧನವು ಬೇರೆಯವರಿಗೆ ಸಂಕೇತದ ಪಿನ್ನುಗಳನ್ನು ಒದಗಿಸುತ್ತದೆಂದರೆ, ಅದರ ವಿವರಣೆಯಲ್ಲಿ ‘ಜಿಪಿಐಒ ಕಂಟ್ರೋಲರ್’ ಎಂಬ ಗುಣವನ್ನು ಬರೆಯುತ್ತಾರೆ. ಆ ಗುಣಕ್ಕೆ ಬೆಲೆ ಇಲ್ಲ, ಸಂಖ್ಯೆ ಇಲ್ಲ; ಇದ್ದರೆ ಹೌದು, ಇಲ್ಲದಿದ್ದರೆ ಅಲ್ಲ. ಅದೇ ಸಾಧನ ಬೇರೆಯವುಗಳ ಗಂಟೆಯನ್ನೂ ಸಂಭಾಳಿಸಿದರೆ ಇನ್ನೊಂದು ಗುಣ. ಒಂದೇ ಸಾಧನ ಹಲವನ್ನು ಒದಗಿಸಬಹುದು, ಅದಕ್ಕಾಗಿ ಸುಮ್ಮನೆ ಮಕ್ಕಳನ್ನು ಹುಟ್ಟಿಸಬೇಡಿ ಎಂದು ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಈಚಿನ ವರ್ಷಗಳಲ್ಲಿ ಸಾದಾ ಪಠ್ಯದ ವಿವರಣೆಗಳನ್ನು ಯಾಮಲ್ ಎಂಬ ರೂಪಕ್ಕೆ ತರುತ್ತಿದ್ದಾರೆ. ಅದರಲ್ಲಿ ರೆಗ್ಯುಲೇಟರ್ ಭಾಗ ಬಂದಾಗ ಮತ್ತೆ ಎಲ್ಲ ಬರೆಯದೆ, ರೆಗ್ಯುಲೇಟರ್ ಕಪಾಟಿನ ಸಾಮಾನ್ಯ ವಿವರಣೆಯ ಕಡೆಗೆ ಬೆರಳು ತೋರಿಸುತ್ತಾರೆ. ಮೆಕ್ಯಾನೋ ಪಟ್ಟಿಗಳು ಇವೇ.

ಹಾಗಾದರೆ ಮುಖಗಳನ್ನೆಲ್ಲ ಬರೆದುಬಿಟ್ಟರೆ ಮುಗಿಯಿತೇ? ‘ಹಸುರು ಹೊನ್ನು’ ಎಂದರೆ ಸಸ್ಯಶಾಸ್ತ್ರ, ಪ್ರವಾಸ, ಹಾಸ್ಯ ಎಂದು ಮೂರು ಚೀಟಿ ಅಂಟಿಸಿದರೆ ಸಾಕೇ? ಸಾಲದು. ನನ್ನ ಓದು ರಂಗನಾಥನ್‌ರಿಂದ ಬೇರೆಯಾಗುವುದು ಈ ಜಾಗದಲ್ಲಿ. ಮುಖಗಳ ಪಟ್ಟಿ ಏನೇನಿದೆ ಎಂದು ಹೇಳುತ್ತದೆ, ಅವು ಒಂದನ್ನೊಂದು ಹೇಗೆ ತಾಗುತ್ತವೆ ಎಂದು ಹೇಳುವುದಿಲ್ಲ. ವಠಾರದ ಎಲ್ಲ ಸಂಸಾರಗಳ ಹೆಸರು ಬರೆದರೂ ನಲ್ಲಿಯ ವಿಷಯ ಬರಲಿಲ್ಲ.

ನಲ್ಲಿ ಎಂದರೆ ಚಿಪ್ಪಿನಲ್ಲಿ ಏನು? ರೆಜಿಸ್ಟರ್ ಎಂಬುದು ಎಂಟು ಬಿಟ್‌ಗಳ ಒಂದು ಗೂಡು. ಅದರಲ್ಲಿ ಮೊದಲ ಮೂರು ರೆಗ್ಯುಲೇಟರಿಗೆ, ಮುಂದಿನದೊಂದು ಗಡಿಯಾರಕ್ಕೆ ಸೇರಿರಬಹುದು. ರೆಗ್ಯುಲೇಟರಿನ ಡ್ರೈವರು ತನ್ನ ಮೂರನ್ನು ಬದಲಿಸಲು ಹೋಗಿ ಇಡೀ ಗೂಡನ್ನೇ ಹೊಸದಾಗಿ ಬರೆದರೆ ಗಡಿಯಾರದ ಬಿಟ್ ಅಳಿಸಿಹೋಗುತ್ತದೆ. ಆದ್ದರಿಂದ ಮೊದಲು ಓದಬೇಕು, ತನ್ನದನ್ನಷ್ಟೇ ಬದಲಿಸಬೇಕು, ವಾಪಸು ಬರೆಯಬೇಕು; ಅಷ್ಟು ಹೊತ್ತು ಬೇರೆ ಯಾರೂ ಮುಟ್ಟದಂತೆ ಬೀಗ ಹಾಕಿಕೊಳ್ಳಬೇಕು. ಕರ್ನಲ್‌ನಲ್ಲಿ ‘ರೆಗ್‌ಮ್ಯಾಪ್’ ಎಂಬ ಏರ್ಪಾಡು 2011ರ ಸುಮಾರಿಗೆ ಬಂದು ಈ ಶಿಸ್ತನ್ನು ಎಲ್ಲರಿಗೂ ಒದಗಿಸಿತು.

ಇದನ್ನು ಕಲಿತ ಮೇಲೆ ನನಗೆ ‘ವಿಕ್ರಮಾರ್ಜುನ ವಿಜಯ’ ಬೇರೆಯಾಗಿ ಕಂಡಿತು. ಪಂಪನ ಅರ್ಜುನ ಎರಡು ಕೆಲಸದವನು. ಮಹಾಭಾರತದ ಅರ್ಜುನನೂ ಅವನೇ, ಪಂಪನ ಒಡೆಯ ಅರಿಕೇಸರಿಯೂ ಅವನೇ. ಚಂಪೂ ಎಂದರೆ ಗದ್ಯ ಪದ್ಯ ಬೆರೆತದ್ದು ಎಂದು ನಾವು ಪರೀಕ್ಷೆಗೆ ಬರೆಯುವ ಉತ್ತರ ಎಂಎಫ್‌ಡಿಯ ಲಕ್ಷಣದಷ್ಟೇ ಸಡಿಲ. ಪಂಪನಲ್ಲಿ ನಿಜವಾದ ಬೆರಕೆ ಈ ನಾಯಕನೊಳಗೆ ಇದೆ. ಒಡೆಯನ ಹೆಂಡತಿಯನ್ನು ಐವರು ಹಂಚಿಕೊಂಡರೆಂದು ಬರೆಯುವುದು ಹೇಗೆ? ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹ���ಂಡತಿಯಾಗಿ ಮಾಡಿದ. ಅರಿಕೇಸರಿಯ ಬಿಟ್ ಸರಿಯಾಯಿತು. ಆದರೆ ಅದೇ ಗೂಡಿನಲ್ಲಿ ಭೀಮನ ಬಿಟ್ ಇತ್ತು. ಸಭೆಯಲ್ಲಿ ಅವಮಾನವಾದಾಗ ಪ್ರತಿಜ್ಞೆ ಮಾಡುವವನು ಭೀಮ, ಮುಡಿ ಕಟ್ಟಿಸುವವನೂ ಭೀಮ. ಗಂಡನಲ್ಲದ ಅವನು ಯಾಕೆ ಇಷ್ಟು ಉರಿಯಬೇಕು, ಗಂಡನಾದವನು ಯಾಕೆ ಹಿಂದೆ ಉಳಿಯಬೇಕು ಎಂಬ ಪ್ರಶ್ನೆ ವಿಮರ್ಶಕರನ್ನು ಕಾಡುತ್ತ ಬಂದಿದೆ. ಆ ಕಾವ್ಯಕ್ಕೆ ‘ಇತಿಹಾಸ’, ‘ಪುರಾಣ’, ‘ಪ್ರಶಸ್ತಿ’ ಎಂದು ಎಷ್ಟು ಚೀಟಿ ಅಂಟಿಸಿದರೂ ಈ ಪ್ರಶ್ನೆ ಹುಟ್ಟುವುದಿಲ್ಲ. ಎರಡು ಕೆಲಸಗಳು ಒಂದೇ ಗೂಡಿನಲ್ಲಿ ತಾಗುವ ಜಾಗವನ್ನು ನೋಡಿದಾಗಲೇ ಹುಟ್ಟುತ್ತದೆ. ಇದನ್ನು ಪಂಪನ ದೋಷವೆಂದು ನಾನು ಎಣಿಸುವುದಿಲ್ಲ. ಆ ಕಾವ್ಯ ಉಸಿರಾಡುವುದೇ ಈ ತಾಕಲಾಟದಲ್ಲಿ.

ಸ್ವಾಮಿಯವರಲ್ಲೂ ಹಾಗೆಯೇ. ಅವರ ಹಾಸ್ಯ ಸಸ್ಯಶಾಸ್ತ್ರದ ಪಕ್ಕದಲ್ಲಿ ಕೂತದ್ದಲ್ಲ. ಗಿಡವನ್ನು ಕರಾರುವಾಕ್ಕಾಗಿ ನೋಡುವ ಕಣ್ಣೇ ಜೊತೆಯಲ್ಲಿರುವ ಮನುಷ್ಯರನ್ನೂ ನೋಡುವುದರಿಂದ ನಗು ಬರುತ್ತದೆ. ಹಂಚಿಕೊಂಡದ್ದು ಆ ಕಣ್ಣು. ಅದನ್ನು ಹೇಳದ ವಿಂಗಡಣೆಗೆ ಪುಸ್ತಕ ಸಿಕ್ಕಿಲ್ಲ.

ಎಂಎಫ್‌ಡಿ ಕಪಾಟನ್ನೇ ಮುಚ್ಚಿಬಿಡಿ ಎಂದು ನಾನು ವಾದಿಸುವುದಿಲ್ಲ. ಗೆಳೆಯನ ಆಕ್ಷೇಪ ಸರಿಯಾಗಿದೆ: ಟಿಡಬ್ಲ್ಯುಎಲ್ ಅನ್ನು ಪವರ್ ಕಡೆ ಇಟ್ಟರೆ ಧ್ವನಿಯವರು ಹುಡುಕುತ್ತ ಎಲ್ಲಿಗೆ ಬರಬೇಕು? ಮುಖ್ಯ ಕೆಲಸ ಯಾವುದೆಂದು ತೀರ್ಮಾನಿಸುವವರು ಯಾರು? ನನ್ನ ಉತ್ತರ ಇಷ್ಟು. ನಿಜವಾಗಿ ನಲ್ಲಿ ಇರುವ ವಠಾರಗಳು ಅಲ್ಲಿರಲಿ, ಮತ್ತು ಅವುಗಳ ವಿವರಣೆ ನಲ್ಲಿಯಿಂದಲೇ ಶುರುವಾಗಲಿ: ಯಾವ ದಾರಿ, ಯಾವ ಗಂಟೆ, ಯಾವ ಗೂಡುಗಳನ್ನು ಯಾರು ಯಾರು ಹಂಚಿಕೊಂಡಿದ್ದಾರೆ. ‘ಸಿಂಪಲ್ ಎಂಎಫ್‌ಡಿ’ ಎಂಬ ಗುರುತು ಹೊತ್ತ, ಮೇಲಿನವನಿಗೆ ಏನೂ ಕೆಲಸವಿಲ್ಲ, ಮಕ್ಕಳನ್ನು ನೇರವಾಗಿ ಕರೆಯಿರಿ ಎನ್ನುವ ಸಾಧನಗಳಿಗೆ ಅಲ್ಲಿ ಏನು ಕೆಲಸವೋ ತಿಳಿಯದು. ಹೆಸರೇ ಹೇಳುತ್ತದೆ ಸರಳವೆಂದು.

ಚಿಲ್ಲರೆ ಡ್ರಾಯರಿನ ಬಗ್ಗೆ ಮಾರ್ಗಸೂಚಿಯಲ್ಲಿ ಒಂದು ಸೂತ್ರವಿದೆ, ನನಗೆ ಬಹಳ ಮೆಚ್ಚಿಗೆಯಾದದ್ದು. ‘ಸಿಸ್‌ಕಾನ್’ ಎಂಬ ಹೆಸರನ್ನು ಒಂಟಿಯಾಗಿ ಬಳಸಕೂಡದು. ಜೊತೆಗೆ ಆ ಸಾಧನದ್ದೇ ಆದ ನಿರ್ದಿಷ್ಟ ಹೆಸರು ಇರಲೇಬೇಕು. ‘ಇತ್ಯಾದಿ’ ಬೀದಿಗೆ ಬರುವಾಗ ಸ್ವಂತ ಹೆಸರಿನವರೊಬ್ಬರ ಕೈ ಹಿಡಿದೇ ಬರಬೇಕು. ಬಹುಮಾನದ ಪಟ್ಟಿ ಮಾಡುವವರಿಗೂ ಪುಸ್ತಕದಂಗಡಿಯವರಿಗೂ ಇದನ್ನು ದಾಟಿಸಬಹುದು. ಸಂಕೀರ್ಣ ಎಂದು ಬರೆಯಿರಿ, ಬರೆದು ಪಕ್ಕದಲ್ಲಿ ಏನು ಏನರ ಜೊತೆ ಬೆರೆತಿದೆ ಎಂದು ಒಂದು ಸಾಲು ಸೇರಿಸಿ. ಬಿಟಿಎಂ ಲೇಔಟ್ ಎಂಬ ಹೆಸರೂ ಹೀಗೆ ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲ ಅಕ್ಷರಗಳನ್ನು ಹೊತ್ತಿದೆ. ಇಲ್ಲಿ ಹತ್ತು ವರ್ಷ ಇದ್ದವರಿಗೂ ಅದು ಗೊತ್ತಿರುವುದಿಲ್ಲ, ಆದರೂ ಕೇಳಿದರೆ ಬಿಡಿಸಿ ಹೇಳಲು ಮೂರು ಊರುಗಳಿವೆ.

ಕಪಾಟು ಬದಲಾಗುವುದೂ ಉಂಟು. ಟಿಡಬ್ಲ್ಯುಎಲ್4030ರೊಳಗೆ ವೋಲ್ಟೇಜ್ ಅಳೆಯುವ ಭಾಗದ ಡ್ರೈವರು ಮೊದಲು ಎಂಎಫ್‌ಡಿ ಫೋಲ್ಡರಿನಲ್ಲೇ ಇತ್ತು. ಇಂಥ ಅಳತೆಯ ಸಾಧನಗಳಿಗೆಂದು ಐಐಒ ಎಂಬ ವಿಭಾಗಕ್ಕೆ ಮುಖ್ಯ ಮನೆಯೊಳಗೆ ಜಾಗ ಸಿಕ್ಕಿದ್ದು 2012ರಲ್ಲಿ. 2014ರಲ್ಲಿ ಡ್ರೈವರು ಅಲ್ಲಿಗೆ ಹೋಯಿತು. ಇದೇ ಚಿಪ್ಪಿನ ಯುಎಸ್‌ಬಿ ಭಾಗವೂ ಯುಎಸ್‌ಬಿ ವಿಭಾಗದಿಂದ ಎದ್ದು ಫಿಸಿಕಲ್ ಇಂಟರ್‌ಫೇಸುಗಳ ವಿಭಾಗಕ್ಕೆ ಸ್ಥಳಾಂತರವಾಯಿತು. ಚಿಪ್ಪು ಒಂದಿಷ್ಟೂ ಬದಲಾಗಿರಲಿಲ್ಲ. ಓದುವವರಿಗೆ ಹೊಸ ವರ್ಗವೊಂದು ದಕ್ಕಿತ್ತು, ಅಷ್ಟೇ. ಇಡೀ ಕುಲದ ವಿವರಣೆ ಮಾತ್ರ ಎಂಎಫ್‌ಡಿಯಲ್ಲೇ ಇದೆ. ಹಳೆಯ ಪಠ್ಯಕಡತದ ಹೆಸರಿನಲ್ಲಿ ‘ಫ್ಯಾಮಿಲಿ’ ಎಂಬ ಪದವಿತ್ತು. ಯಾಮಲ್‌ಗೆ ಬಂದಾಗ ಆ ಪದ ಹೋಯಿತು. ಒಳಗೆ ಗಡಿಯಾರ, ಕೀಲಿ, ಚಾರ್ಜರ್ ಎಂದು ಮಕ್ಕಳ ಹೆಸರುಗಳು ಈಗ ಮೊದಲಿಗಿಂತ ವಿವರವಾಗಿವೆ.